‘ಅಂತೆ’ ಎಲ್ಲಿ ಹೋಯಿತು?

ಕೊಡಗಿನ ಒಂದು ನ್ಯಾಯಾಲಯ, ಕೊಲೆ ಪ್ರಕರಣ. ತೋಟದ ಕೂಲಿಯವರ ಲೈನ್ ಮನೆಯ ಹೆಂಗಸೊಬ್ಬರು ಸಾಕ್ಷಿಕಟ್ಟೆಯಲ್ಲಿ ನಿಂತು, ‘ಅವ್ನು ಸಂಜೆ ಕತ್ತಿ ಹಿಡ್ಕೊಂಡು ಬಂದಿದ್ನಂತೆ’ ಎಂದರು. ಟೈಪಾದದ್ದು ಹೀಗೆ: ‘ಆರೋಪಿಯು ಸಂಜೆ ಕತ್ತಿ ಹಿಡಿದುಕೊಂಡು ಬಂದಿದ್ದನು.’ ಪಾಟೀಸವಾಲಿನಲ್ಲಿ ವಕೀಲರು, ‘ನೀವು ಕಣ್ಣಾರೆ ನೋಡಿದ್ರಾ?’ ಎಂದು ಕೇಳಿದರು. ‘ಇಲ್ಲ.’ ಅಷ್ಟಕ್ಕೇ ಆಕೆ ಮಾತು ಬದಲಿಸಿದ ಸಾಕ್ಷಿಯಾದರು. ಆಕೆ ಬದಲಿಸಿರಲಿಲ್ಲ. ಬೇರೆಯವರಿಂದ ಕೇಳಿದ್ದು ಎಂದು ಮೊದಲೇ ಹೇಳಿದ್ದರು, ಕನ್ನಡದಲ್ಲಿ ಅದಕ್ಕೆ ಎರಡಕ್ಷರ ಸಾಕು. ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ಸಾಕ್ಷ್ಯದ ಕಾನೂನೂ ಹೇಳುತ್ತದೆ. ಆ ‘ಅಂತೆ’ಯೇ ಕಡತದಲ್ಲಿ ಇರಲಿಲ್ಲ.

ಸಾಕ್ಷಿ ಆಡಿದ ಮಾತು ದಾಖಲೆಗೆ ಬರುವಾಗ ಏನೇನು ಕಳೆದುಹೋಗುತ್ತದೆ ಎಂದು ನೋಡಲು ಹೊರಟೆ. ಕಲಾಪ ಬಹಿರಂಗವಾಗಿ ನಡೆಯುವುದರಿಂದ ಹಿಂದಿನ ಬೆಂಚಿನಲ್ಲಿ ಕೂರಲು ಅಡ್ಡಿ ಇರಲಿಲ್ಲ. ಧ್ವನಿಮುದ್ರಣ ಮಾಡುವಂತಿಲ್ಲ. ಹಾಗಾಗಿ ನೋಟ್‌ಬುಕ್ಕಿನ ಎಡಪುಟದಲ್ಲಿ ನನಗೆ ಕೇಳಿಸಿದ ಮಾತು, ಬಲಪುಟದಲ್ಲಿ ನ್ಯಾಯಾಧೀಶರು ಬರೆಸುವ ವಾಕ್ಯ. ಮಳೆಗಾಲದಲ್ಲಿ ಮಾಡಿನ ಸದ್ದಿಗೆ ಅರ್ಧ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಅಂಥ ದಿನದ ಪುಟಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಶುರುವಿನ ತಿಂಗಳುಗಳಲ್ಲಿ ದೊಡ್ಡ ತಪ್ಪು ಮಾಡಿದೆ: ಉತ್ತರಗಳನ್ನಷ್ಟೇ ಬರೆದುಕೊಂಡೆ. 2024ರವರೆಗೆ ಜಾರಿಯಲ್ಲಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆಯ 276ನೇ ಕಲಮಿನಂತೆ ಸೆಷನ್ಸ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯಾಗಿ ಬರೆಯುತ್ತಿದ್ದರು. ಪ್ರಶ್ನೋತ್ತರವಾಗಿ ಬರೆಸುವುದು ನ್ಯಾಯಾಧೀಶರ ವಿವೇಚನೆಯಾಗಿತ್ತು. ಎಂದರೆ ವಕೀಲರ ಪ್ರಶ್ನೆಯೇ ಸಾಕ್ಷಿಯ ವಾಕ್ಯವಾಗುತ್ತದೆ. ‘ಆಗ ಕತ್ತಲಾಗಿತ್ತು, ಮುಖ ಕಾಣಿಸ್ತಿರಲಿಲ್ಲ, ಅಲ್ವಾ?’ ‘ಹೂಂ.’ ದಾಖಲೆಯಲ್ಲಿ: ‘ಆಗ ಕತ್ತಲಾಗಿದ್ದು ಮುಖ ಕಾಣಿಸುತ್ತಿರಲಿಲ್ಲ ಎಂದರೆ ನಿಜ.’ ಹಾಗಾದರೆ ಸಾಕ್ಷಿ ಆಡಿದ್ದೆಷ್ಟು? ಒಂದು ಹೂಂಕಾರ. ಪ್ರಶ್ನೆ ಬರೆದುಕೊಳ್ಳದೆ ಇದು ಕಾಣುವುದೇ ಇಲ್ಲ. ಹಳೆಯ ಪುಟಗಳನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಹೊರಟೆ.

ಕತೆ ಕೇಳುವಾಗ ಹೂಂಗುಟ್ಟುತ್ತೇವಲ್ಲ, ಅದು ಒಪ್ಪಿಗೆಯಲ್ಲ, ‘ಕೇಳ್ತಾ ಇದ್ದೀನಿ, ಮುಂದೆ ಹೇಳಿ’ ಎಂಬ ಸೂಚನೆ. ಕರಿಕೋಟಿನವರ ಎದುರು, ದಣಿಗಳ ಮುಂದೆ ತಲೆಯೆತ್ತಿ ಮಾತಾಡಿ ರೂಢಿಯಿಲ್ಲದ ಕೂಲಿಯವರು ಪ್ರತಿ ಪ್ರಶ್ನೆಗೂ ಹೂಂ ಎನ್ನುವುದನ್ನು ನೋಡಿದ್ದೇನೆ. ಆಸ್ಟ್ರೇಲಿಯಾದ ಮೂಲನಿವಾಸಿ ಸಾಕ್ಷಿಗಳ ‘ಎಸ್’ ಕುರಿತು ಭಾಷಾವಿಜ್ಞಾನಿ ಡಯಾನಾ ಈಡ್ಸ್ ತೋರಿಸಿದ್ದೂ ಇದನ್ನೇ: ಅಧಿಕಾರದ ಎದುರು ಹೌದೆನ್ನುವುದಕ್ಕೂ ಸಂಗತಿಯನ್ನು ಒಪ್ಪುವುದಕ್ಕೂ ಅಂತರವಿದೆ. ಆ ಹೆಂಗಸಿನ ಹೇಳಿಕೆಯ ಕೊನೆಯಲ್ಲೂ ‘ಓದಿ ಹೇಳಲಾಯಿತು, ಸರಿಯಿದೆ’ ಎಂದಿದೆ. ಓದಿದ್ದು ಗ್ರಾಂಥಿಕ ಕನ್ನಡ, ಓಟದ ವೇಗ. ಅದಕ್ಕೂ ಆಕೆ ಅಂದದ್ದು ಹೂಂ. ಇದನ್ನು ಯಾರ ದುರುದ್ದೇಶ ಎಂದೂ ನಾನು ಹೇಳಲಾರೆ. ದಿನಕ್ಕೆ ಹತ್ತಾರು ಕಡತ ನೋಡುವವರ ಆತುರ ನನಗೆ ಗೊತ್ತು. ಆದರೂ ಒಬ್ಬರ ಜೈಲುವಾಸ ಅದರ ಮೇಲೆ ನಿಂತಿರುವಾಗ ಆತುರವೊಂದೇ ಕಾರಣವೆಂದು ಸುಮ್ಮನಿರಲು ಆಗುವುದಿಲ್ಲ.

ದೂರದ ವಿಷಯವೂ ಹೀಗೇ. ‘ಕೂಗಳತೆ’ ಎಂದದ್ದು ಮೀಟರಿನ ಲೆಕ್ಕವಾಗುತ್ತದೆ. ಆಮೇಲೆ ಮಹಜರಿನ ನಕ್ಷೆಗೆ ಆ ಲೆಕ್ಕ ಹೊಂದದಿದ್ದರೆ ದೋಷ ಸಾಕ್ಷಿಯ ತಲೆಗೆ.

ಕನ್ನಡದಲ್ಲೇ ಇಷ್ಟು ಸೋರಿದರೆ ಕೊಡವ ತಕ್ಕ್, ಅರೆಭಾಷೆ, ಎರವ, ಜೇನುಕುರುಬ ನುಡಿಗಳಲ್ಲಿ ಯೋಚಿಸಿ ಕನ್ನಡದಲ್ಲಿ ಉತ್ತರಿಸುವವರದ್ದು? ಬೇರೆ ಭಾಷೆಯಲ್ಲಿ ಸಾಕ್ಷಿ ನುಡಿದರೆ ಆಗುವಷ್ಟರ ಮಟ್ಟಿಗೆ ಅದೇ ಭಾಷೆಯಲ್ಲಿ ಬರೆಯಬಹುದು, ಇಲ್ಲದಿದ್ದರೆ ನಿಜ ಅನುವಾದ ಇರಬೇಕು ಎಂದು ಅದೇ ಸಂಹಿತೆಯ 277ನೇ ಕಲಮು ಹೇಳುತ್ತಿತ್ತು. ಈಗ ಈ ನುಡಿಗಳಲ್ಲಿ ‘ಕಂಡೆ’ ಮತ್ತು ‘ಕೇಳಿದೆ’ ಬೇರ್ಪಡುವ ಬಗೆಯನ್ನು ಹಿರಿಯರ ಜೊತೆ ಕೂತು ಬರೆದುಕೊಳ್ಳುತ್ತಿದ್ದೇನೆ. ಕಾಫಿ ಕೊಯ್ಲು ಮುಗಿಯುವವರೆಗೆ ಅವರಿಗೆ ಪುರುಸೊತ್ತಿಲ್ಲ, ಹಾಗಾಗಿ ರಾತ್ರಿ ಹೊತ್ತು ಹೋಗುತ್ತೇನೆ.