ಸಂಘ ಕಟ್ಟಿದ್ದಾಯ್ತು, ನಡೆಸೋದು ಹೇಗೆ?

ಬಡಾವಣೆಯಲ್ಲಿ ಮನೆಮಾಲೀಕರ ಸಂಘ ಶುರುವಾದಾಗ ಎಲ್ಲರಲ್ಲೂ ಹುರುಪು ಇರುತ್ತದೆ. ಸ್ವಲ್ಪ ಕಾಲ ಕಳೆಯುವಷ್ಟರಲ್ಲಿ ಕೆಲಸವೆಲ್ಲ ಇಬ್ಬರು ಮೂವರ ತಲೆ ಮೇಲೆ ಬಂದಿರುತ್ತದೆ. ಅವರಿಗೂ ಮನೆ, ಮಕ್ಕಳು, ನೌಕರಿ ಇರುತ್ತದೆ ಅಲ್ವಾ? ಸಂಬಳವಿಲ್ಲದ ಕೆಲಸ, ಮೇಲೆ ಮಾತು ಬೇರೆ ಕೇಳಬೇಕು. ಒಂದು ದಿನ ಅವರು ಸಾಕಪ್ಪಾ ಎಂದು ಕೈಬಿಡುತ್ತಾರೆ. ಆಮೇಲೆ ನೋಡಿದರೆ ಲೆಕ್ಕದ ಪುಸ್ತಕ ಎಲ್ಲಿದೆ ಎಂಬುದೂ ಯಾರಿಗೂ ಗೊತ್ತಿರುವುದಿಲ್ಲ.

ಬಿಡುವಿನ ವೇಳೆಯಲ್ಲಿ ದುಡಿಯುವ ಇಂಥವರ ಸಮಯವೇ ಸಂಘದ ನಿಜವಾದ ಬಂಡವಾಳ. ಅದು ಪೋಲಾಗದಂತೆ ಸಂಘವನ್ನು ಹೇಗೆ ನಡೆಸಬಹುದು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲು ಗೆರೆ ಎಳೆಯಿರಿ

ಒಂದು ಹಾಳೆಯಲ್ಲಿ ಮೂರು ಕಾಲಂ ಮಾಡಿ: ಸಂಘದ್ದು, ಸ್ಥಳೀಯ ಆಡಳಿತದ್ದು, ಆಯಾ ಮನೆಯವರದ್ದು. ಒಳರಸ್ತೆ, ಚರಂಡಿ, ದೀಪ, ಪಾರ್ಕು, ಗೇಟು, ನೀರಿನ ಪಂಪು, ಎಲ್ಲರೂ ಬಳಸುವ ಗೋಡೆ, ಹೀಗೆ ಪ್ರತಿಯೊಂದನ್ನೂ ಯಾವುದಾದರೂ ಒಂದು ಕಾಲಂಗೆ ಸೇರಿಸಿ. ಅನುಮಾನ ಇದ್ದರೆ ಬಡಾವಣೆಯ ನಕ್ಷೆ, ಕ್ರಯಪತ್ರ ತೆಗೆದು ನೋಡಿ. ಈ ಹಾಳೆ ಇಲ್ಲದ ಸಂಘಕ್ಕೆ ಎಲ್ಲ ದೂರುಗಳೂ ಬರುತ್ತವೆ. ಪಕ್ಕದ ಮನೆಯ ಮರದ ಎಲೆ ನಮ್ಮ ಅಂಗಳಕ್ಕೆ ಬೀಳುತ್ತದೆ ಎಂಬ ದೂರೂ ಕಾರ್ಯದರ್ಶಿಯ ಫೋನಿಗೇ ಬರುತ್ತದೆ.

ಅಮೆರಿಕದ ಎಲಿನಾರ್ ಆಸ್ಟ್ರಮ್ ಅವರು ಜನ ತಾವೇ ಸೇರಿ ಕಾಪಾಡಿಕೊಂಡು ಬಂದ ಮೀನುಗಾರಿಕೆ, ಹುಲ್ಲುಗಾವಲು, ನೀರಾವರಿ ಕಾಲುವೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. 2009 ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅದನ್ನು ಪಡೆದ ಮೊದಲ ಮಹಿಳೆ ಅವರು. ಬಹುಕಾಲ ಉಳಿದ ವ್ಯವಸ್ಥೆಗಳಲ್ಲಿ ಅವರು ಗುರುತಿಸಿದ ಲಕ್ಷಣಗಳ ಪಟ್ಟಿಯಲ್ಲಿ ಮೊದಲನೆಯದು ಇದೇ: ಯಾವುದು ಎಲ್ಲರದು, ಅದರಲ್ಲಿ ಯಾರಿಗೆ ಹಕ್ಕು ಎಂಬುದು ಸ್ಪಷ್ಟವಾಗಿರಬೇಕು. ನಿಯಮ ಪಾಲಿಸಬೇಕಾದವರೇ ನಿಯಮ ಮಾಡುವುದರಲ್ಲಿ ಸೇರಿರಬೇಕು ಎಂಬುದೂ ಆ ಪಟ್ಟಿಯಲ್ಲಿದೆ. ಹಾಗಾಗಿ ನಿಮ್ಮ ಹಾಳೆಯನ್ನು ಸಮಿತಿಯವರೇ ಕೂತು ಮುಗಿಸಬೇಡಿ. ಸರ್ವ ಸದಸ್ಯರ ಸಭೆಯಲ್ಲಿ ಓದಿ ಒಪ್ಪಿಗೆ ಪಡೆಯಿರಿ.

ಬೈಲಾ ಚಿಕ್ಕದಿರಲಿ

ನೋಂದಣಿ ಯಾವ ಕಾಯ್ದೆಯಡಿ ಎಂಬುದು ಊರಿಂದೂರಿಗೆ ಬೇರೆ. ಅದನ್ನು ಒಬ್ಬ ವಕೀಲರ ಹತ್ತಿರ ಕೇಳಿಕೊಂಡು ಮುಗಿಸಿ. ಬೈಲಾ ಎಂದರೆ ಸಂಘದ ಒಳನಿಯಮಗಳು. ಬೇರೆ ಸಂಘದ ಬೈಲಾವನ್ನು ಸುಮ್ನೆ ನಕಲು ಮಾಡಬೇಡಿ. ಯಾರಿಗೆ ಮತ, ಮನೆಗೊಂದೋ ಸದಸ್ಯರಿಗೊಂದೋ, ಪದಾಧಿಕಾರಿಗಳ ಅವಧಿ ಎಷ್ಟು, ನಿಯಮ ಬದಲಿಸಲು ಎಷ್ಟು ಜನರ ಒಪ್ಪಿಗೆ ಬೇಕು, ಇಷ್ಟಂತೂ ಅದರಲ್ಲಿ ಇರಲೇಬೇಕು.

ಕೋರಂ, ಅಂದರೆ ಸಭೆ ನಡೆಯಲು ಹಾಜರಿರಲೇಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ, ಅದರ ಬಗ್ಗೆ ಸ್ವಲ್ಪ ಯೋಚಿಸಿ. ಅರ್ಧಕ್ಕಿಂತ ಹೆಚ್ಚು ಸದಸ್ಯರು ಇರಲೇಬೇಕು ಎಂದು ಹುಮ್ಮಸ್ಸಿನಲ್ಲಿ ಬರೆದುಬಿಡುತ್ತಾರೆ. ಅಷ್ಟು ಜನ ಸೇರುವುದಿಲ್ಲ, ಸಭೆ ಆಗುವುದಿಲ್ಲ, ಲೆಕ್ಕಕ್ಕೆ ಒಪ್ಪಿಗೆ ಸಿಗುವುದಿಲ್ಲ. ನಿಮ್ಮಲ್ಲಿ ಸಾಮಾನ್ಯವಾಗಿ ಎಷ್ಟು ಜನ ಬರುತ್ತಾರೋ ಅದಕ್ಕಿಂತ ತುಸು ಕಡಿಮೆ ಇಡಿ. ಕೋರಂ ಇಲ್ಲದೆ ಮುಂದೂಡಿದ ಸಭೆಯನ್ನು ಎಷ್ಟು ಜನರೊಂದಿಗೆ ನಡೆಸಬಹುದು ಎಂದೂ ಬರೆದಿಡಿ. ಕಾಯ್ದೆಯೇ ಒಂದು ಸಂಖ್ಯೆ ಹೇಳಿದ್ದರೆ ಅದನ್ನೇ ಪಾಲಿಸಬೇಕು.

ಕೆಲಸ ಹಂಚುವ ಬಗೆ

‘ಯಾರಾದರೂ ಮುಂದೆ ಬನ್ನಿ’ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಯಾರೂ ಬರುವುದಿಲ್ಲ. ಎಲ್ಲರೂ ಇನ್ಯಾರೋ ಬರುತ್ತಾರೆ ಅಂದುಕೊಳ್ಳುತ್ತಾರೆ. ಮನೆಗೆ ಹೋಗಿ, ಒಬ್ಬರನ್ನೇ, ಒಂದೇ ಕೆಲಸಕ್ಕೆ ಕೇಳಿ. ‘ಮೇಡಂ, ಪಾರ್ಕಿನ ದೀಪಗಳನ್ನು ತಿಂಗಳಿಗೊಮ್ಮೆ ನೋಡಿ, ಕೆಟ್ಟಿರುವುದನ್ನು ಬರೆದುಕೊಟ್ಟರೆ ಸಾಕು. ಅರ್ಧ ಗಂಟೆ ಕೆಲಸ. ಆರು ತಿಂಗಳು ಮಾಡಿ, ಆಮೇಲೆ ಬೇರೆಯವರಿಗೆ ಕೊಡೋಣ.’ ಎಷ್ಟು ಹೊತ್ತಿನ ಕೆಲಸ, ಎಂದಿಗೆ ಮುಗಿಯುತ್ತದೆ ಎಂದು ಗೊತ್ತಾದರೆ ಒಪ್ಪುವವರು ಜಾಸ್ತಿ. ಒಪ್ಪಿದವರ ಕೆಲಸದಲ್ಲಿ ಅಧ್ಯಕ್ಷರು ಮೂಗು ತೂರಿಸಬಾರದು. ನಿಮ್ಮ ರೀತಿಯಲ್ಲಿ ಆಗದಿದ್ದರೂ ಕೆಲಸ ಆಯಿತಲ್ಲ, ಅಷ್ಟು ಸಾಕು.

ಬಾಡಿಗೆಗೆ ಇರುವವರನ್ನೂ ಮರೆಯಬೇಡಿ. ಅವರಿಗೆ ಮತ ಇಲ್ಲದಿರಬಹುದು. ಆದರೆ ಆ ರಸ್ತೆಯಲ್ಲಿ ದಿನಾ ಓಡಾಡುವವರು ಅವರೇ.

ದುಡ್ಡಿನ ವಿಷಯ

ನಂಬಿಕೆ ಮುರಿಯುವುದು ಹೆಚ್ಚಾಗಿ ಇಲ್ಲಿಯೇ. ಖಜಾಂಚಿ ಎಷ್ಟೇ ಪ್ರಾಮಾಣಿಕರಾಗಿರಲಿ, ಲೆಕ್ಕ ಕಣ್ಣಿಗೆ ಕಾಣದಿದ್ದರೆ ಅನುಮಾನ ಹುಟ್ಟುತ್ತದೆ. ಸಂಘದ ಖಾತೆ ಸಂಘದ ಹೆಸರಿನಲ್ಲೇ ಇರಲಿ, ಯಾರದೇ ಸ್ವಂತ ಖಾತೆಗೆ ಹಣ ಹೋಗಬಾರದು. ಪಾವತಿಗೆ ಇಬ್ಬರ ಸಹಿ ಬೇಕು. ಖರ್ಚಿಗೆ ಒಪ್ಪಿಗೆ ಕೊಡುವವರು, ಹಣ ಪಾವತಿಸುವವರು, ಲೆಕ್ಕ ಪರಿಶೀಲಿಸುವವರು ಬೇರೆ ಬೇರೆಯವರಾಗಿರಲಿ. ಇದು ಖಜಾಂಚಿಯ ಮೇಲಿನ ಅಪನಂಬಿಕೆಗಲ್ಲ. ನಾಳೆ ಯಾರಾದರೂ ಬೆರಳು ತೋರಿಸಿದರೆ ಅವರನ್ನು ಕಾಯುವುದು ಇದೇ ಏರ್ಪಾಡು.

ತಿಂಗಳಿಗೊಂದು ಪುಟದ ಲೆಕ್ಕ ಸಾಕು. ಹಿಂದಿನ ಶಿಲ್ಕು, ಬಂದದ್ದು, ಹೋದದ್ದು, ಉಳಿದದ್ದು, ಬಾಕಿ ಇರುವ ಮನೆಗಳ ಸಂಖ್ಯೆ. ಬಾಕಿದಾರರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅದರಿಂದ ಹಣಕ್ಕಿಂತ ಮೊದಲು ಹಗೆ ಬರುತ್ತದೆ. ದೊಡ್ಡ ಕೆಲಸಕ್ಕೆ ಮೂರು ಕೊಟೇಶನ್ ತರಿಸಿ. ಸಮಿತಿಯವರ ನೆಂಟರೇ ಗುತ್ತಿಗೆದಾರರಾಗಿದ್ದರೆ ಅದನ್ನು ಮೊದಲೇ ಹೇಳಬೇಕು. ಆ ಸದಸ್ಯರು ಆ ವಿಷಯದ ಮತದಿಂದ ಹೊರಗಿರಬೇಕು.

ಇನ್ನು ಮೀಸಲು ನಿಧಿ, ಅಂದರೆ ಮುಂದೆ ಬರುವ ದೊಡ್ಡ ಖರ್ಚಿಗೆ ಈಗಿನಿಂದಲೇ ಕೂಡಿಡುವ ಹಣ. ತಿಂಗಳ ಶುಲ್ಕ ಕಡಿಮೆ ಇಟ್ಟ ಸಮಿತಿಗೆ ಚಪ್ಪಾಳೆ ಸಿಗುತ್ತದೆ, ಪಂಪು ಸುಟ್ಟ ದಿನ ಎಲ್ಲರೂ ಒಮ್ಮೆಲೇ ದೊಡ್ಡ ಮೊತ್ತ ಕೊಡಬೇಕಾಗುತ್ತದೆ. ಲೆಕ್ಕ ಹಾಕುವುದು ಕಷ್ಟವೇನಲ್ಲ. ಒಂದು ಪಂಪು ಬದಲಿಸಲು 1,20,000 ಬೇಕು, ಅದರ ಆಯಸ್ಸು 10 ವರ್ಷ, ಬಡಾವಣೆಯಲ್ಲಿ 40 ಮನೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 12,000 ಕೂಡಿಡಬೇಕು, ಅಂದರೆ ಮನೆಗೆ ತಿಂಗಳಿಗೆ 25. ಪಂಪು ಈಗಾಗಲೇ 4 ವರ್ಷ ಹಳೆಯದಾಗಿ, ಇಷ್ಟರವರೆಗೆ ಏನೂ ಕೂಡಿಟ್ಟಿಲ್ಲ ಎಂದರೆ? ಉಳಿದಿರುವುದು 6 ವರ್ಷ. ವರ್ಷಕ್ಕೆ 20,000 ಬೇಕು, ಮನೆಗೆ ತಿಂಗಳಿಗೆ ಸುಮಾರು 42. ತಡ ಮಾಡಿದಷ್ಟೂ ಕಂತು ಏರುತ್ತದೆ. ಹೀಗೆ ಗೇಟು, ರಸ್ತೆಯ ಡಾಂಬರು, ನೀರಿನ ಟ್ಯಾಂಕು ಎಲ್ಲದಕ್ಕೂ ಒಂದೊಂದು ಸಾಲು ಬರೆದು ಕೂಡಿಸಿ. ಬೆಲೆ ಏರುತ್ತಲೇ ಇರುತ್ತದೆ, ಹಾಗಾಗಿ ಪ್ರತಿ ವರ್ಷ ತಿದ್ದಿ. ಈ ಹಣ ಬೇರೆ ಖಾತೆಯಲ್ಲಿರಲಿ. ಹಬ್ಬಕ್ಕೆ, ಅಲಂಕಾರಕ್ಕೆ ಅದರಿಂದ ತೆಗೆಯುವ ಹಾಗಿಲ್ಲ.

ಈ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2021 ರ ಜೂನ್ 24 ರ ನಸುಕಿನಲ್ಲಿ ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ ಚಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಅಂತಸ್ತಿನ ವಸತಿ ಕಟ್ಟಡದ ಒಂದು ಭಾಗ ಕುಸಿಯಿತು. 98 ಜನ ಜೀವ ಕಳೆದುಕೊಂಡರು. ಕಾಂಕ್ರೀಟ್ ಹಾಳಾಗಿದೆ, ರಿಪೇರಿ ಆಗಬೇಕು ಎಂದು 2018 ರಲ್ಲೇ ಎಂಜಿನಿಯರ್ ವರದಿ ಬಂದಿತ್ತು. ಕುಸಿತಕ್ಕೆ ಕಟ್ಟಡದ ವಿನ್ಯಾಸದಲ್ಲೇ ಇದ್ದ ದೋಷವೂ ಸೇರಿತ್ತು, ನಿಜ. ಆದರೆ ರಿಪೇರಿಗೆ ಬೇಕಾದಷ್ಟು ಮೀಸಲು ಹಣ ಸಂಘದಲ್ಲಿ ಇರಲಿಲ್ಲ. ಹಣ ಹೊಂದಿಸುವ ಮಾತುಕತೆಯಲ್ಲೇ ಕಾಲ ಕಳೆಯಿತು. ಮರುವರ್ಷ ಫ್ಲಾರಿಡಾ ಕಾನೂನು ಬದಲಿಸಿ, ಮೂರು ಅಂತಸ್ತು ಮತ್ತು ಅದಕ್ಕಿಂತ ಎತ್ತರದ ಇಂಥ ಕಟ್ಟಡಗಳ ಸಂಘಗಳು ಮೀಸಲು ನಿಧಿಯ ಅಂದಾಜು ಮಾಡಿಸುವುದನ್ನು ಕಡ್ಡಾಯ ಮಾಡಿತು. ಬಿಡಿ ಮನೆಗಳ ಬಡಾವಣೆಯಲ್ಲಿ ಅಪಾಯ ಅಷ್ಟಿರಲಿಕ್ಕಿಲ್ಲ. ಆದರೂ ಮುಂದಿನ ವರ್ಷ ನೋಡೋಣ ಎಂಬ ಮಾತು ಎಲ್ಲ ಸಮಿತಿಗಳಲ್ಲೂ ಕೇಳುತ್ತದೆ.

ಸಭೆ ಮತ್ತು ನಡಾವಳಿ

ಅಜೆಂಡಾ ಒಂದು ವಾರ ಮೊದಲೇ ಕಳಿಸಿ. ಸಭೆಗೆ ಒಂದೂವರೆ ಗಂಟೆಯ ಮಿತಿ ಇರಲಿ. ಒಂದು ಹೊತ್ತಿಗೆ ಒಂದೇ ವಿಷಯ. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ 1876 ರಲ್ಲಿ ಸಭೆ ನಡೆಸುವ ನಿಯಮಗಳನ್ನು ಪ್ರಕಟಿಸಿದರು. ಅವುಗಳ ತಳಹದಿಯೇ ಇದು. ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಆಮೇಲೆ ಚರ್ಚೆ, ಆಮೇಲೆ ಮತ. ಒಮ್ಮೆ ಮಾತಾಡಿದವರು ಉಳಿದವರಿಗೆ ಅವಕಾಶ ಸಿಗುವ ತನಕ ಕಾಯಬೇಕು. ಇಷ್ಟು ಪಾಲಿಸಿದರೂ ಅರ್ಧ ಗದ್ದಲ ನಿಲ್ಲುತ್ತದೆ.

ನಡಾವಳಿ ಬರೆಯುವಾಗ ಯಾರು ಏನು ಮಾತಾಡಿದರು ಎಂಬುದು ಬೇಡ, ಏನು ತೀರ್ಮಾನವಾಯಿತು ಎಂಬುದು ಬೇಕು. ‘ಪಾರ್ಕಿನ ಬೆಂಚುಗಳ ಬಗ್ಗೆ ಚರ್ಚಿಸಲಾಯಿತು’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಹೀಗೆ ಬರೆಯಿರಿ: ‘ಪಾರ್ಕಿನ ಮುರಿದ ಎರಡು ಬೆಂಚುಗಳ ರಿಪೇರಿಗೆ ಮೂರು ಕೊಟೇಶನ್ ತರಿಸುವುದು. ಹೊಣೆ: ಜಂಟಿ ಕಾರ್ಯದರ್ಶಿ. ಗಡುವು: ಇದೇ ತಿಂಗಳ 20. ಪರ 14, ವಿರೋಧ 2.’ ಮುಂದಿನ ಸಭೆ ಶುರುವಾಗುವುದು ಈ ಸಾಲಿನಿಂದಲೇ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಹೆಬ್ಬೆರಳಿನ ಗುರುತುಗಳನ್ನು ಠರಾವು ಎಂದು ಎಣಿಸಬೇಡಿ. ಆ ಗುಂಪು ಸುದ್ದಿ ತಿಳಿಸಲಿಕ್ಕೆ ಮಾತ್ರ.

ಬಾಕಿ, ದೂರು, ಜಗಳ

ನಿಯಮ ಮುರಿದವರಿಗೆ ಮೊದಲ ಸಲವೇ ದಂಡ ಬೇಡ. ಆಸ್ಟ್ರಮ್ ಅವರ ಪಟ್ಟಿಯಲ್ಲೂ ಇದೆ: ಶಿಕ್ಷೆ ಸಣ್ಣದರಿಂದ ಶುರುವಾಗಿ ತಪ್ಪು ಮುಂದುವರಿದರೆ ಮಾತ್ರ ಮೇಲೇರಬೇಕು. ಮೊದಲು ಬಾಯಿಮಾತು, ಆಮೇಲೆ ಪತ್ರ, ಆಮೇಲೆ ಬೈಲಾದಲ್ಲಿ ಬರೆದಷ್ಟೇ ದಂಡ. ದಂಡ ಹಾಕುವ ಮೊದಲು ಅವರ ಮಾತು ಕೇಳಲೇಬೇಕು. ಶುಲ್ಕ ಬಾಕಿ ಇಟ್ಟವರಲ್ಲಿ ಹಲವರು ಕೊಡಬಾರದು ಎಂದು ಇಟ್ಟವರಲ್ಲ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಕೆಲಸ ಹೋಗಿದೆ, ಇಲ್ಲವೇ ಸಂಘದ ಮೇಲೆ ಹಳೆಯ ಸಿಟ್ಟಿದೆ. ಪತ್ರ ಹೀಗಿರಲಿ: ‘ತಮ್ಮ ಮೂರು ತಿಂಗಳ ಶುಲ್ಕ ಬಾಕಿ ಇದೆ. ನಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ದಯವಿಟ್ಟು ತಿಳಿಸಿ. ಕಂತಿನಲ್ಲಿ ಕೊಡುವುದಾದರೂ ಸರಿ, ಒಮ್ಮೆ ಮಾತಾಡೋಣ.’ ಇಂಥ ಪತ್ರಕ್ಕೆ ಉತ್ತರ ಬರುವ ಸಾಧ್ಯತೆ ಜಾಸ್ತಿ. ಬಾಕಿ ಇದೆ ಎಂದು ನೀರು, ವಿದ್ಯುತ್ ಕಡಿಯುವುದಕ್ಕೆ ಮಾತ್ರ ಕೈ ಹಾಕಬೇಡಿ. ಕಾನೂನಿನ ತೊಡಕು ಒಂದು ಕಡೆ ಇರಲಿ, ನೆರೆಹೊರೆಯವರಿಗೆ ಮಾಡುವ ಕೆಲಸವಲ್ಲ ಅದು.

ಒಂದು ಮಾತು ಎಲ್ಲಕ್ಕಿಂತ ಮುಖ್ಯ. ನಿಯಮ ಅಧ್ಯಕ್ಷರ ಮನೆಗೂ ಅದೇ ಇರಬೇಕು. ಅಧ್ಯಕ್ಷರ ಕಾರು ಗೇಟಿಗೆ ಅಡ್ಡ ನಿಂತಿದ್ದರೆ ಮೊದಲ ಪತ್ರ ಅವರಿಗೇ ಹೋಗಲಿ.

ಬಿಟ್ಟುಕೊಡುವ ದಿನಕ್ಕೆ ತಯಾರಿ

ಪದಾಧಿಕಾರಿಗಳೆಲ್ಲ ಒಂದೇ ದಿನ ಬದಲಾದರೆ ಹೊಸಬರಿಗೆ ಬುಡವೂ ಗೊತ್ತಿರುವುದಿಲ್ಲ, ತುದಿಯೂ ಗೊತ್ತಿರುವುದಿಲ್ಲ. ಪ್ರತಿ ವರ್ಷ ಸಮಿತಿಯ ಅರ್ಧದಷ್ಟು ಜನ ಮಾತ್ರ ನಿವೃತ್ತರಾಗುವಂತೆ ಅವಧಿ ಹೊಂದಿಸಿ. ಅಧ್ಯಕ್ಷರಿಗೆ ಸತತ ಎರಡು ಅವಧಿ ಸಾಕು ಎಂಬುದು ನನ್ನ ಅಭಿಪ್ರಾಯ. ಒಳ್ಳೆಯವರೇ ಆದರೂ, ಹೆಚ್ಚು ಕಾಲ ಕೂತರೆ ಬೇರೆ ಯಾರೂ ಕಲಿಯುವುದಿಲ್ಲ.

ಮೊದಲ ದಿನದಿಂದಲೇ ಒಂದು ಕಡತ ಇಡಿ. ನೋಂದಣಿ ಪತ್ರ, ಬೈಲಾ, ನಡಾವಳಿ ಪುಸ್ತಕ, ಲೆಕ್ಕಪತ್ರ, ನಡೆಯುತ್ತಿರುವ ಒಪ್ಪಂದಗಳು ಮತ್ತು ಅವು ಮುಗಿಯುವ ತಾರೀಖು, ವಾರಂಟಿ ಕಾರ್ಡು, ಎಲೆಕ್ಟ್ರಿಷಿಯನ್ ಮತ್ತು ಪ್ಲಂಬರ್ ನಂಬರು, ಯಾವ ಬೀಗದ ಕೈ ಯಾರ ಬಳಿ ಇದೆ ಎಂಬ ಪಟ್ಟಿ, ಇವೆಲ್ಲ ಅದರಲ್ಲಿರಲಿ. ಒಂದು ಪ್ರತಿ ಕಾರ್ಯದರ್ಶಿ ಬಳಿ, ಇನ್ನೊಂದು ಬೇರೆ ಮನೆಯಲ್ಲಿ. ಹೊಸಬರು ಬಂದಾಗ ಹಳೆಯವರು ಒಂದು ಸಂಜೆ ಕೂತು ಈ ಕಡತದ ಪುಟ ಪುಟ ತೋರಿಸಬೇಕು. ಪಂಪಿನ ವಾಲ್ವ್ ಎಲ್ಲಿದೆ, ಮಳೆಗಾಲದಲ್ಲಿ ಯಾವ ಚರಂಡಿ ಮೊದಲು ಕಟ್ಟಿಕೊಳ್ಳುತ್ತದೆ ಎಂಬುದನ್ನು ಜೊತೆಗೆ ನಡೆದು ತೋರಿಸಿದರೆ ಇನ್ನೂ ಒಳ್ಳೆಯದು. ಅದೇ ವಾರ ಬ್ಯಾಂಕಿಗೆ ಹೋಗಿ ಸಹಿದಾರರ ಹೆಸರು ಬದಲಿಸಿ, ಸಂಘದ ಇಮೇಲ್ ಪಾಸ್‌ವರ್ಡನ್ನೂ ಬದಲಿಸಿಬಿಡಿ.