ಮೊದಲು ಮಣ್ಣು ಹೋಗಲಿ, ಆಮೇಲೆ ಅರಿವೆ ಮುಟ್ಟಲಿ

ಹುಬ್ಬಳ್ಳಿಯ ಅಪಾರ್ಟ್‌ಮೆಂಟ್‌ಗಳ ಪಾರ್ಕಿಂಗ್‌ಗೆ ಮುಂಜಾನೆ ಇಳಿದು ನೋಡಿ. ಒಂದು ಬಕೆಟ್ ನೀರು, ಒಂದು ಹಳೇ ಬನಿಯನ್, ಸಾಲಾಗಿ ನಿಂತ ಕಾರುಗಳು. ಮೊದಲನೇ ಕಾರಿನ ಮಣ್ಣು ಅದೇ ಬನಿಯನ್ ಹಿಡಿದುಕೊಂಡು ಕೊನೆಯ ಕಾರಿನವರೆಗೂ ಹೋಗುತ್ತದೆ. ಒದ್ದೆ ಇರುವಾಗ ಎಲ್ಲವೂ ಫಳಫಳ. ಒಣಗಿದ ಮೇಲೆ ಕಪ್ಪು ಕಾರೊಂದರ ಬಾನೆಟ್ ಮೇಲೆ ಮೊಬೈಲ್ ಟಾರ್ಚ್ ಹಿಡಿಯಿರಿ. ಬೆಳಕಿನ ಸುತ್ತ ಸಣ್ಣ ಸಣ್ಣ ಗೆರೆಗಳು ಸುತ್ತಿಕೊಂಡಿರುತ್ತವೆ. ಅವೆಲ್ಲ ತೊಳೆಯುವಾಗ, ಒರೆಸುವಾಗ ಆದ ಗೀರುಗಳು.

ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಬಣ್ಣವಿಲ್ಲದ ಒಂದು ಪದರ ಇರುತ್ತದೆ. ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿಗಿಂತ ತೆಳು. ಹೊಳಪು ಕೊಡುವುದು ಅದೇ. ಮಣ್ಣಿರುವ ಮೈಮೇಲೆ ಅರಿವೆ ಎಳೆದರೆ ಆ ಅರಿವೆ ಸ್ಯಾಂಡ್ ಪೇಪರ್ ಆಗುತ್ತದೆ. ಒಣ ಧೂಳನ್ನು ಹಳದಿ ಬಟ್ಟೆಯಿಂದ ಜಾಡಿಸುವ ರೂಢಿ ಇದೆಯಲ್ಲ, ಅದನ್ನು ಇವತ್ತೇ ಬಿಡಿ.

ಕಾರನ್ನು ನೆರಳಲ್ಲಿ ನಿಲ್ಲಿಸಿ. ಬಾನೆಟ್ ಮೇಲೆ ಕೈ ಇಟ್ಟರೆ ಬಿಸಿ ತಾಗಬಾರದು. ಮೊದಲು ಚಕ್ರ ತೊಳೆಯಿರಿ. ಅದಕ್ಕೆ ಬೇರೆ ಬ್ರಷ್, ಬೇರೆ ಅರಿವೆ.

ಈಗ ನಿಜವಾದ ಕೆಲಸ. ನವಲಗುಂದ, ಅಣ್ಣಿಗೇರಿ ಕಡೆ ಹೋಗಿ ಬಂದ ಕಾರಿಗೆ ಎರೆ ಮಣ್ಣು ಅಂಟಿರುತ್ತದೆ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಲ್ಲಿನಂತೆ ಹಿಡಿದುಕೊಳ್ಳುತ್ತದೆ. ಒಂದು ಸಲ ಪೈಪ್ ಹಿಡಿದ ಮಾತ್ರಕ್ಕೆ ಬಿಡುವುದಿಲ್ಲ. ಇಡೀ ಕಾರಿಗೆ ನೀರು ಚಿಮುಕಿಸಿ ಐದು ನಿಮಿಷ ಬಿಡಿ. ಒಣಗಲು ಶುರುವಾದರೆ ಮತ್ತೆ ಚಿಮುಕಿಸಿ. ಮಣ್ಣು ನೆನೆದು ಮೆತ್ತಗಾದ ಮೇಲೆ ಮೇಲಿನಿಂದ ಕೆಳಗೆ ನೀರು ಬಿಡಿ. ಚಕ್ರದ ಮೇಲಿನ ಕಮಾನಿನ ಒಳಗೆ ಹೆಂಟೆ ಕೂತಿರುತ್ತದೆ, ಅಲ್ಲಿಗೆ ಜೋರು ಧಾರೆ ಬೇಕು. ಬಾಗಿಲಿನ ಕೆಳಭಾಗವನ್ನು ಎರಡು ಸಲ ತೊಳೆಯಿರಿ. ಕೆಳಗೆ ಹರಿಯುವ ನೀರು ತಿಳಿಯಾಗುವವರೆಗೆ ಕೈಯಲ್ಲಿ ಅರಿವೆ ಹಿಡಿಯಬೇಡಿ. ಕಲಘಟಗಿ ಕಡೆಯ ಕೆಮ್ಮಣ್ಣು ಬೇಗ ಬಿಡುತ್ತದೆ, ಆದರೆ ಅದರಲ್ಲಿ ಗರಸು ಜಾಸ್ತಿ. ಆತುರ ಅಲ್ಲಿಯೂ ಬೇಡ.

ನಳಕ್ಕೆ ದಿನಾ ನೀರು ಬರದ ಊರಲ್ಲಿ ಇಷ್ಟು ನೀರು ಎಲ್ಲಿಂದ ತರೋದು ಅಂತ ಕೇಳುತ್ತೀರಿ. ಗಿಡಗಳಿಗೆ ನೀರು ಹೊಡೆಯುವ ಕೈಪಂಪಿನ ಸ್ಪ್ರೇಯರ್ ತನ್ನಿ, ಐದು ಲೀಟರಿನದು. ನೆನೆಸುವುದಕ್ಕೆ ಅದೇ ಸಾಕು. ಹೊಲಕ್ಕೆ ಔಷಧಿ ಹೊಡೆದ ಪಂಪು ಮಾತ್ರ ಬೇಡ. ಇನ್ನೊಂದು ಮಾತು: ಬೋರ್‌ನ ಸವಳು ನೀರಿನಲ್ಲಿ ಸುಣ್ಣದ ಅಂಶ ಇರುತ್ತದೆ, ಒಣಗಿದಲ್ಲೆಲ್ಲ ಬಿಳಿ ಕಲೆ ಉಳಿಯುತ್ತದೆ. ಮಣ್ಣು ಬಿಡಿಸಲು ಬೋರ್ ನೀರು ಬಳಸಿ, ಕೊನೆಯ ಎರಡು ಬಕೆಟ್ ನಳಕ್ಕೆ ಬರುವ ಮಲಪ್ರಭಾ ನದಿಯ ನೀರು ಇರಲಿ.

ಶಾಂಪೂ ಹಂತಕ್ಕೆ ಎರಡು ಬಕೆಟ್ ಬೇಕೇ ಬೇಕು. ಒಂದರಲ್ಲಿ ಕಾರ್ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂದಲ್ಲಿ ಅದ್ದಿ, ಅರ್ಧ ಬಾನೆಟ್‌ನಷ್ಟು ಜಾಗ ತೊಳೆದು, ಬರೀ ನೀರಿನಲ್ಲಿ ಜಾಲಿಸಿ ಹಿಂಡಿ. ಆಮೇಲೆ ಮತ್ತೆ ಶಾಂಪೂಗೆ. ಬರೀ ನೀರಿನ ಬಕೆಟ್‌ನ ತಳ ನೋಡಿ, ಗರಸು ಕೂತಿರುತ್ತದೆ. ಒಂದೇ ಬಕೆಟ್ ಆಗಿದ್ದರೆ ಅದು ವಾಪಸ್ ಕಾರಿನ ಮೈಗೇ ಹೋಗುತ್ತಿತ್ತು. ಟಾಪ್‌ನಿಂದ ಶುರು ಮಾಡಿ, ಬಂಪರ್ ಮತ್ತು ಬಾಗಿಲಿನ ಕೆಳಭಾಗ ಕೊನೆಗೆ. ಒತ್ತಬೇಡಿ, ಕೈಯ ಭಾರವೇ ಸಾಕು. ಸುತ್ತು ಹಾಕದೆ ನೇರ ಎಳೆಯಿರಿ. ನೊರೆ ಒಣಗುವ ಮೊದಲೇ ನೀರು ಬಿಡಿ.

ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಪೌಡರ್ ಎರಡೂ ಬೇಡ. ಹೊಳಪಿಗೆ, ಬಣ್ಣದ ರಕ್ಷಣೆಗೆ ಹಚ್ಚಿದ ವ್ಯಾಕ್ಸನ್ನು (ಮೇಣವನ್ನು) ಅವು ಕಿತ್ತು ಹಾಕುತ್ತವೆ. ಸ್ಪಂಜೂ ಬೇಡ, ಅದರ ಮೇಲ್ಮೈಯಲ್ಲೇ ಗರಸು ಸಿಕ್ಕಿಕೊಳ್ಳುತ್ತದೆ. ನೀರು ಎಳೆಯುವ ರಬ್ಬರ್ ಬ್ಲೇಡ್ ಅಂತೂ ಅಪಾಯ. ಅಂಚಿಗೆ ಒಂದು ಕಣ ಸಿಕ್ಕರೆ ಬಾನೆಟ್ ಉದ್ದಕ್ಕೂ ಗೀರು.

ಒಣಗಿಸುವುದು ಸುಲಭ. ಪೈಪಿನ ನಾಜಲ್ ತೆಗೆದು, ಟಾಪ್ ಮೇಲಿಂದ ನಿಧಾನವಾಗಿ ನೀರು ಹರಿಸಿ. ಹನಿಗಳು ಒಟ್ಟಾಗಿ ಇಳಿದುಹೋಗುತ್ತವೆ. ಉಳಿದಿದ್ದಕ್ಕೆ ದೊಡ್ಡ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ, ಮೆಲ್ಲಗೆ ಎಳೆಯಿರಿ. ಬಾಗಿಲು, ಡಿಕ್ಕಿಯ ಸಂದಿ ಮರೆಯಬೇಡಿ.

ವ್ಯಾಕ್ಸ್‌ಗೆ ಮೊದಲು ಒಂದು ಪರೀಕ್ಷೆ. ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಬೆರಳು ಹಾಕಿ ಬಾನೆಟ್ ಮೇಲೆ ಆಡಿಸಿ. ತರಿತರಿ ಅನಿಸಿದರೆ ಕ್ಲೇ ಬಾರ್ ಬೇಕು, ಅಂದರೆ ಬಣ್ಣಕ್ಕೆ ಅಂಟಿದ ಕಣಗಳನ್ನು ಎತ್ತಿ ತೆಗೆಯುವ ಜೇಡಿಯಂಥ ಮೆತ್ತನೆ ಉಂಡೆ. ಅದರ ಜತೆ ಸಿಗುವ ದ್ರವ ಚೆನ್ನಾಗಿ ಸಿಂಪಡಿಸಿ ಮೆಲ್ಲಗೆ ಜಾರಿಸಿ. ಕ್ಲೇ ನೆಲಕ್ಕೆ ಬಿದ್ದರೆ ಬಿಸಾಡಿ. ವ್ಯಾಕ್ಸ್ ಎಷ್ಟು ತೆಳುವಾಗಿ ಹಚ್ಚುತ್ತೀರೋ ಅಷ್ಟು ಚಲೋ. ಒಂದೊಂದೇ ಭಾಗ ಹಚ್ಚಿ, ಮಂಜು ಮಂಜಾದ ಮೇಲೆ ಬೆರಳಿನಿಂದ ಗೀಚಿ ನೋಡಿ, ಬೆರಳಿಗೆ ಅಂಟದಿದ್ದರೆ ಒಣ ಮೈಕ್ರೋಫೈಬರ್‌ನಿಂದ ಒರೆಸಿ. ಬಾಟಲಿ ಸ್ಪ್ರೇ ವ್ಯಾಕ್ಸ್ ಬೇಗ ಆಗುತ್ತದೆ, ಅಷ್ಟೇ ಬೇಗ ಹೋಗುತ್ತದೆ. ಡಬ್ಬಿಯಲ್ಲಿ ಬರುವ ಕಾರ್ನೌಬಾ (ಒಂದು ಜಾತಿಯ ತಾಳೆ ಎಲೆಯ ಮೇಣ) ಪೇಸ್ಟೇ ತಗೊಳ್ಳಿ. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ತಾಗಿಸಬೇಡಿ, ಬಿಳಿ ಕಲೆ ಉಳಿಯುತ್ತದೆ. ಗೀರು ಹೋಗಲಿ ಅಂತ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜುವವರಿದ್ದಾರೆ. ಅದು ಕ್ಲಿಯರ್ ಕೋಟ್ ಸವೆಸಿಯೇ ಗೀರು ತೆಗೆಯುತ್ತದೆ. ಮೇಲಿಂದ ಮೇಲೆ ಮಾಡಿದರೆ ಉಳಿಯುವುದೇನು?

ಆಯುಧ ಪೂಜೆಯ ಕುಂಕುಮ, ವಿಭೂತಿ, ರಂಗಪಂಚಮಿಯ ಬಣ್ಣ, ಇವನ್ನೂ ಒಣಗಿರುವಾಗ ಒರೆಸಬೇಡಿ. ಅವೂ ಪುಡಿಯೇ ಅಲ್ವಾ? ನೀರು ಹಾಕಿ ಇಳಿಸಿ. ಹಕ್ಕಿ ಹಿಕ್ಕೆ ಬಣ್ಣ ತಿನ್ನುತ್ತದೆ, ಅದನ್ನು ಮಾತ್ರ ಭಾನುವಾರದವರೆಗೆ ಬಿಡಬೇಡಿ. ಒದ್ದೆ ಅರಿವೆ ಹಾಸಿ, ನೆನೆದ ಮೇಲೆ ಎತ್ತಿ ತೆಗೆಯಿರಿ.

ಮೈಕ್ರೋಫೈಬರ್ ಅರಿವೆಗಳನ್ನು ಮನೆ ಬಟ್ಟೆಯ ಜತೆ ಒಗೆಯಬೇಡಿ, ಹತ್ತಿಯ ಜುಂಗು ಹಿಡಿಯುತ್ತದೆ. ಕಂಫರ್ಟ್‌ನಂಥದ್ದನ್ನೂ ಹಾಕಬೇಡಿ, ನೀರು ಹೀರುವುದು ಕಡಿಮೆಯಾಗುತ್ತದೆ. ತೊಳೆಯುವಾಗ ಕೈತಪ್ಪಿ ನೆಲಕ್ಕೆ ಬಿದ್ದ ಅರಿವೆಯನ್ನು ಆವತ್ತು ಮತ್ತೆ ಬಾನೆಟ್‌ಗೆ ತಾಗಿಸದೆ ಚಕ್ರ ಒರೆಸಲು ಇಟ್ಟುಕೊಳ್ಳಿ.