ಬಾಡಿಗೆಯೇ ಕಂತು ಕಟ್ಟಬೇಕು: ನನ್ನ ಲೆಕ್ಕ

‘ಬಾಡಿಗೆಯಲ್ಲಿ ಸಾಲದ ಕಂತು ತೀರೋದಿಲ್ಲ’ ಅನ್ನುವುದು ನಿಜವೇ, ಬೆಲೆಯ ಶೇ. 80ರಷ್ಟು ಸಾಲ ಮಾಡಿದವರ ಪಾಲಿಗೆ. ಬಾಡಿಗೆಗೆ ಕೊಡಲೆಂದು ಮನೆ ಕೊಳ್ಳುವಾಗ ನಾನು ಅರ್ಧಕ್ಕಿಂತ ಹೆಚ್ಚು ಕೈದುಡ್ಡು ಹಾಕಿದೆ. ಆಗ ಬ್ಯಾಂಕ್ ಕೊಡುವಾಗ ಉಳಿತಾಯ ಯಾಕೆ ಕರಗಿಸ್ತೀಯ ಅಂದವರೇ ಎಲ್ಲ. ಈಗ ಆ ಮನೆಯ ಕಂತನ್ನು ಬಾಡಿಗೆಯೇ ಕಟ್ಟುತ್ತಿದೆ.

ನನ್ನ ಆ ಮನೆಯ ಬೆಲೆ 100 ಅನ್ನಿ. ವರ್ಷದ ಬಾಡಿಗೆ ಹೆಚ್ಚುಕಮ್ಮಿ 7. ಒಂದು ತಿಂಗಳು ಖಾಲಿ ಬೀಳುವುದಕ್ಕೆ 0.6, ರಿಪೇರಿಗೆ 1, ತೆರಿಗೆ, ವಿಮೆ, ನಿರ್ವಹಣೆಗೆ 0.6 ಕಳೆದರೆ ಉಳಿಯುವುದು 4.8. ಶೇ. 9 ಬಡ್ಡಿಯ 20 ವರ್ಷದ ಸಾಲಕ್ಕೆ ವರ್ಷದ ಕಂತು ಸಾಲದ ಶೇ. 10.8ರಷ್ಟು. ಹಾಗಾಗಿ 4.8 ಹೊರುವುದು 44ರ ಸಾಲವನ್ನಷ್ಟೇ. 80 ಎತ್ತಿದರೆ ಕಂತೇ 8.6, ವರ್ಷಾವರ್ಷ 3.8 ಸಂಬಳದಿಂದ ಸುರಿಯಬೇಕು. ಬಡ್ಡಿ ಶೇ. 11ಕ್ಕೆ ಹೋದರೆ 44ರ ಸಾಲದ ಕಂತಿಗೂ 0.65 ಕಡಿಮೆ ಬೀಳುತ್ತದೆ. ಅದಕ್ಕೇ ಆರು ತಿಂಗಳ ಕಂತು, ನೋಂದಣಿ ಖರ್ಚು, ಮೊದಲ ರಿಪೇರಿ ಮೂರನ್ನೂ ಬದಿಗಿಟ್ಟು, ಮಿಕ್ಕದ್ದರಲ್ಲಿ ಮನೆ ಹುಡುಕಿದ್ದು.

ಹುಡುಕಿದ್ದು ಹಳೆಯ, ಚಿಕ್ಕ ಮನೆ. ಹೊಸ ದೊಡ್ಡ ಮನೆಗಳಲ್ಲಿ ಬೆಲೆ ಏರಿದಷ್ಟು ಬಾಡಿಗೆ ಏರುವುದಿಲ್ಲ. ಹಳೆಯದರಲ್ಲಿ ದುಡ್ಡು ನುಂಗುವುದು ನೀರು. ಮುಂಗಡ ಕೊಡುವ ಮೊದಲೇ ಮಾಲೀಕರನ್ನು ಕೇಳಿ ಬಚ್ಚಲ ಜಾಲರಿ ಮುಚ್ಚಿ, ಒಂದಂಗುಲ ನೀರು ನಿಲ್ಲಿಸಿ, ಮರುದಿನ ಕೆಳಮನೆಯ ಸೂರು ನೋಡಬೇಕು. ತೇವ ಕಂಡರೆ ಟೈಲ್ಸ್ ಕಿತ್ತು ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸುವ ಖರ್ಚನ್ನೇ ಬೆಲೆಯಲ್ಲಿ ಇಳಿಸಿ. ಸಂದಿಗೆ ಸಿಮೆಂಟ್ ಹಚ್ಚಿದ ಕೆಲಸ ಹೆಚ್ಚು ದಿನ ಬಾಳುವುದಿಲ್ಲ. ಯಾಕೆಂದರೆ ಟೈಲ್ಸ್ ಅಡಿಯಲ್ಲಿ ನೀರು ತಡೆಯುವ ಪದರವೇ ಹೋಗಿರುತ್ತದೆ. ಇಡೀ ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣವಿದ್ದರೆ ಅದರ ಹಿಂದೆ ಯಾವ ನಲ್ಲಿ ಇದೆ ನೋಡಿ. ಇಳಿಸುವ ಮಾತು ಯಾರ ಬಾಯಲ್ಲಿ, ಯಾವಾಗ ಆಡಿಸಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ.

ನಡುವೆ ಮಂಚ, ಫ್ರಿಜ್, ವಾಷಿಂಗ್ ಮಷಿನ್ ಹಾಕಿಯೂ ನೋಡಿದೆ. ಬಾಡಿಗೆ ಶೇ. 15ರಷ್ಟು ಏರಿತು, ಆದರೆ ಜನ ಬೇಗ ಬೇಗ ಬದಲಾದರು, ಮಷಿನ್ ರಿಪೇರಿಯೂ ನನ್ನ ತಲೆಗೇ ಬಂತು. ಈಗ ಫ್ಯಾನು, ಲೈಟು, ಗೀಸರ್ ಅಷ್ಟೇ.

ಒಂದು ತಿಂಗಳು ಖಾಲಿ ಅಂದರೆ ವರ್ಷದ ಬಾಡಿಗೆಯಲ್ಲಿ ಶೇ. 8.3 ಹೋಯಿತು. ಅದರ ಬದಲು ಪೇಟೆ ದರಕ್ಕಿಂತ ಶೇ. 5 ಕಡಿಮೆ ಕೇಳುವುದೇ ಲಾಭ. ಹೆಚ್ಚು ಜನ ಬಂದು ನೋಡುತ್ತಾರೆ, ಆರಿಸಿಕೊಳ್ಳುವ ಅವಕಾಶ ನಮಗೆ. ಮನೆ ಬಿಡುವ ನೋಟಿಸ್ ಬಂದ ವಾರದಲ್ಲೇ ತೋರಿಸಲು ಶುರು ಮಾಡುತ್ತೇನೆ. ಎಲ್ಲ ಕೋಣೆಗೂ ಒಂದೇ ಬಣ್ಣ, ಅದರ ನಂಬರ್ ಮೀಟರ್ ಬಾಕ್ಸ್ ಒಳಗೆ ಬರೆದಿಟ್ಟಿದೆ. ಕಲೆಯಾದ ಗೋಡೆಗಷ್ಟೇ ಬಳಿದು ಎರಡು ದಿನದಲ್ಲಿ ಕೀಲಿ ಕೊಡಬಹುದು.